ಸ್ತನ ಕ್ಯಾನ್ಸರ್: ಮನೆತನದ ಪಟ್ಟಿ ಹೀಗೆ ಬರೆಯಿರಿ

ಸ್ತನ ಕ್ಯಾನ್ಸರ್ ಮನೆತನದಲ್ಲಿ ಹರಿದು ಬರುತ್ತಿದೆಯೇ ಎಂಬ ಸುಳಿವಿಗೆ, ಒಂದು ಹಾಳೆಯಲ್ಲಿ ಮೂರು ತಲೆಮಾರಿನ ರಕ್ತಸಂಬಂಧಿಗಳನ್ನು ಬರೆಯಿರಿ. ಪ್ರತಿ ಹೆಸರಿನ ಮುಂದೆ ಯಾವ ಕ್ಯಾನ್ಸರ್, ಎಷ್ಟನೇ ವಯಸ್ಸಿನಲ್ಲಿ ಪತ್ತೆಯಾಯಿತು ಎಂದು ಗುರುತಿಸಿ. ತೀರಿಕೊಂಡ ವಯಸ್ಸಲ್ಲ, ಪತ್ತೆಯಾದ ವಯಸ್ಸು. ಮನೆಯಲ್ಲಿ ‘ಹೊಟ್ಟೆಯಲ್ಲಿ ಗಡ್ಡೆ’ ಅಂತಷ್ಟೇ ಹೇಳುತ್ತಿದ್ದರೆ ಹಳೆಯ ಬಯಾಪ್ಸಿ ವರದಿ ಹುಡುಕಿ. ಅದು ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ಲೆಕ್ಕವೇ ಬೇರೆ.

ಬಹಳಷ್ಟು ಜನ ಎಡವುವುದು ಅಪ್ಪನ ಕಡೆಯನ್ನು ಬಿಟ್ಟು. ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್‌ನ ಅಪಾಯ ಹೆಚ್ಚಿಸುವ ಬಿಆರ್‌ಸಿಎ1, ಬಿಆರ್‌ಸಿಎ2 ಜೀನ್‌ಗಳ ದೋಷ ತಂದೆಯಿಂದಲೂ ಬರುತ್ತದೆ. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ. 50. ಹಾಗಾಗಿ ಸೋದರತ್ತೆಯ ಕಾಯಿಲೆಯೂ ಚಿಕ್ಕಮ್ಮನದ್ದಷ್ಟೇ ಮುಖ್ಯ.

ಸ್ತನ ಕ್ಯಾನ್ಸರ್ 50 ವರ್ಷಕ್ಕೆ ಮೊದಲೇ ಬಂದದ್ದು, ಎರಡೂ ಸ್ತನಗಳಲ್ಲಿ ಕಂಡದ್ದು, ಅಂಡಾಶಯದ ಕ್ಯಾನ್ಸರ್, ಗಂಡಸರಿಗೆ ಬಂದ ಸ್ತನ ಕ್ಯಾನ್ಸರ್: ಪಟ್ಟಿಯಲ್ಲಿ ಇವುಗಳಲ್ಲಿ ಒಂದಿದ್ದರೂ ಅದನ್ನು ಕ್ಯಾನ್ಸರ್ ತಜ್ಞರಿಗೆ ತೋರಿಸಿ, ಜೆನೆಟಿಕ್ ಕೌನ್ಸೆಲಿಂಗ್ (ಆನುವಂಶಿಕ ಅಪಾಯದ ಬಗ್ಗೆ ತಜ್ಞರ ಸಲಹೆ) ಬೇಕೇ ಎಂದು ಕೇಳಿ. ಜೀನ್ ಪರೀಕ್ಷೆಯನ್ನು ಸಾಧ್ಯವಾದರೆ ಮೊದಲು ಕಾಯಿಲೆ ಬಂದವರಿಗೇ ಮಾಡಿಸಬೇಕು. ಅವರಲ್ಲಿ ಯಾವ ದೋಷವಿದೆ ಎಂದು ತಿಳಿಯದೆ ನಿಮ್ಮ ವರದಿ ‘ನೆಗೆಟಿವ್’ ಬಂದರೆ ಅದಕ್ಕೆ ಪೂರ್ತಿ ಅರ್ಥವಿಲ್ಲ.

ಪಟ್ಟಿ ಖಾಲಿಯೇ? ಸಂತೋಷ, ಆದರೆ ನಿರಾಳವಾಗಬೇಡಿ. ಸ್ತನ ಕ್ಯಾನ್ಸರ್‌ಗಳಲ್ಲಿ ಆನುವಂಶಿಕವಾಗಿ ಬರುವುದು ಶೇ. 5ರಿಂದ 10 ಮಾತ್ರ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಸ್ತನ ತಪಾಸಣೆಯ ಕಾರ್ಯಕ್ರಮವಿದೆ. ಗಂಟು, ಒಳಸೇರಿದ ತೊಟ್ಟು, ಗುಳಿಬಿದ್ದ ಚರ್ಮ, ತೊಟ್ಟಿನಿಂದ ರಕ್ತಸ್ರಾವ ಕಂಡರೆ ತಡಮಾಡದೆ ತೋರಿಸಿ. ‘ನೋವಿಲ್ಲವಲ್ಲ’ ಎಂದು ಕಾಯಬೇಡಿ. ಕ್ಯಾನ್ಸರ್ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ.