ಒಳ್ಳೆ ತಂಡಕ್ಕೆ ಹೋದವನ ಅಂಕ ಯಾಕೆ ಇಳಿಯುತ್ತೆ: ಲೆಕ್ಕ ಕೂರಿಸಿದ ನನ್ನ ಅನುಭವ

‘ಸುತ್ತ ಒಳ್ಳೆಯವರಿದ್ದರೆ ಯಾರು ಬೇಕಾದರೂ ಹೊಡೀತಾರೆ.’ ‘ಕೆಟ್ಟ ತಂಡದಲ್ಲಿ ಬಾಲೆಲ್ಲ ಅವನ ಕೈಲೇ, ಅದಕ್ಕೇ 25 ಹೊಡೀತಾನೆ.’ ಮೈಸೂರು, ಮಂಡ್ಯದ ಬ್ಯಾಸ್ಕೆಟ್‌ಬಾಲ್ ಕೋರ್ಟುಗಳಲ್ಲಿ ಅಮೆರಿಕದ ಲೀಗ್ ಎನ್‌ಬಿಎ ಮಾತು ಬಂದರೆ ಈ ಎರಡೂ ವಾದ ಎದ್ದೇಳುತ್ತವೆ. ಎರಡೂ ಪರಿಣಾಮಗಳನ್ನು ಬಿಡಿಸಿ ಅಳೆಯಬಹುದು ಅಂದಾಗ ಇಲ್ಲಿನ ಕೋಚುಗಳು ನಂಬಲಿಲ್ಲ. ಈಗ ಲೆಕ್ಕ ಕೂತಿದೆ.

ಮೊದಲ ಸೋಲು, ತಂಡದ ಗುಣಮಟ್ಟಕ್ಕೆ ಗೆಲುವಿನ ಸಂಖ್ಯೆ ಹಾಕಿದ್ದು. 1986-87ರಲ್ಲಿ ಮೈಕಲ್ ಜೋರ್ಡನ್ ಪಂದ್ಯಕ್ಕೆ ಸರಾಸರಿ 37.1 ಅಂಕ, ಅವನ ತಂಡ ಬುಲ್ಸ್ 40 ಗೆದ್ದು 42 ಸೋತಿತ್ತು. 1995-96ರಲ್ಲಿ 30.4, ತಂಡ 72-10. ತಂಡ ಒಳ್ಳೆಯದಾದರೆ ಅಂಕ ಇಳಿಯುತ್ತೆ, ಸರಿ ಅನ್ನುವಷ್ಟರಲ್ಲಿ ಜೇಮ್ಸ್ ಹಾರ್ಡನ್ ಅಡ್ಡ ಬಂದ: 2018-19ರಲ್ಲಿ 36.1, ಆದರೂ ಅವನ ತಂಡ ರಾಕೆಟ್ಸ್‌ಗೆ 53 ಗೆಲುವು. ಗೆಲುವಿನೊಳಗೆ ಆಟಗಾರನ ಅಂಕವೇ ಸೇರಿಕೊಂಡಿರುತ್ತದೆ. ಅದರಿಂದ ಅವನನ್ನೇ ಅಳೆಯಲಾಗದು. ಆಮೇಲೆ ಆಟಗಾರ ಬೆಂಚಿನಲ್ಲಿದ್ದಾಗಿನ ತಂಡದ ಅಂಕ ವ್ಯತ್ಯಾಸ ಹಾಕಿದೆ. ಅದೂ ಕೆಟ್ಟಿತು. ಅವನು ಕೂತಾಗ ಇನ್ನಿಬ್ಬರು ಸ್ಟಾರ್ಟರ್‌ಗಳೂ (ಪಂದ್ಯ ಶುರು ಮಾಡುವ ಐವರಲ್ಲಿನವರು) ಕೂರುತ್ತಾರೆ; ಸಿಗುವುದು ಬೆಂಚಿನವರ ಅಳತೆ, ಜೊತೆಗಾರರದ್ದಲ್ಲ.

ದುಡ್ಡು ಹೋದದ್ದು ಡೇಟಾ ಎಂಟ್ರಿಗೆ. ಹತ್ತು ಸೀಸನ್ ಶೀಟಿಗೆ ಹಾಕಿಸಲು ಸುಮಾರು 3,500 ರೂಪಾಯಿ. ಸೀಸನ್ ಮಧ್ಯೆ ತಂಡ ಬದಲಿಸಿದವರಿಗೆ ಒಂದು ಒಟ್ಟು ಸಾಲು, ಜೊತೆಗೆ ಪ್ರತಿ ತಂಡಕ್ಕೊಂದು ಸಾಲು ಇರುತ್ತದೆ. ಎಲ್ಲವನ್ನೂ ಕೂಡಿ ಅವರ ಅಂಕ ಎರಡರಷ್ಟಾಗಿತ್ತು. ನನಗೆ ಮುಖ್ಯವಾಗಿ ಬೇಕಿದ್ದದ್ದೇ ಅಂಥ ಆಟಗಾರರು! ತಿದ್ದಿಸಲು ಮತ್ತೆ ಸಾವಿರ ಚಿಲ್ಲರೆ. ಚಂದಾ ಕಟ್ಟಿ ತೆಗೆದ ಪ್ಲೇ-ಬೈ-ಪ್ಲೇ (ಪಂದ್ಯದ ಪ್ರತಿ ಘಟನೆಯ ದಾಖಲೆ) ಫೈಲುಗಳೂ ದಂಡ. ಬ್ಯಾಸ್ಕೆಟ್‌ಬಾಲ್ ರೆಫರೆನ್ಸ್ ವೆಬ್‌ಸೈಟಿನ ಉಚಿತ ಪುಟಗಳೇ ಸಾಕಾದವು.

ಕೊನೆಗೆ ಕೈ ಹಿಡಿದದ್ದು ಯೂಸೇಜ್: ಆಟಗಾರ ಕೋರ್ಟಿನಲ್ಲಿದ್ದಾಗ ತಂಡದ ದಾಳಿಗಳಲ್ಲಿ ಎಷ್ಟು ಶೇಕಡಾ, ಶಾಟ್ ಹೊಡೆದೋ ಬಾಲ್ ಕಳೆದುಕೊಂಡೋ, ಅವನ ಕೈಲೇ ಮುಗಿದವು ಅನ್ನುವ ಪಾಲು. ಕೋರ್ಟಿನಲ್ಲಿರುವ ಐವರ ಪಾಲು ಸೇರಿದರೆ 100. ಹೊಸ ತಂಡದ ಐವರೂ ಹಿಂದಿನ ಸೀಸನ್ನಿನಲ್ಲಿ ಪಡೆದಿದ್ದ ಪಾಲನ್ನು ಕೂಡಿ. 100 ದಾಟಿದರೆ ಯಾರಾದರೂ ಬಿಟ್ಟುಕೊಡಲೇಬೇಕು. ಆ ಹೆಚ್ಚುವರಿಯೇ ನನ್ನ ‘ತಂಡದ ಗುಣಮಟ್ಟ’. ಅದನ್ನು ಯಾರ ಪಾಲಿನಿಂದ ಎಷ್ಟೆಷ್ಟು ಕಳೆಯಬೇಕು ಅನ್ನುವ ತೂಕಗಳನ್ನು ಮಾತ್ರ ಇಲ್ಲಿ ಬಿಚ್ಚಿಡುವುದಿಲ್ಲ, ಅದಕ್ಕೇ ಎರಡು ವರ್ಷ ಹಿಡಿಯಿತು. ಸಮನಾಗಿ ಹಂಚಿದರೆ ಲೆಕ್ಕ ಕೆಡುತ್ತದೆ ಎಂದಷ್ಟೇ ಹೇಳುತ್ತೇನೆ.

ಪರೀಕ್ಷೆಗೆ, ರೇ ಆಲನ್ ಮತ್ತು ಗಾರ್ನೆಟ್ ಹೊರಗಿಂದ ಬಂದು ಪಿಯರ್ಸ್ ಜೊತೆ ಸೇರಿದ 2007-08ರ ಬಾಸ್ಟನ್ ತಂಡಕ್ಕಿಂತ ಒಳ್ಳೆಯದಿಲ್ಲ. 24 ಗೆಲುವಿನ ತಂಡ 66ಕ್ಕೆ ಹಾರಿತು. ರೇ ಆಲನ್ 26.4ರಿಂದ 17.4, ಪಿಯರ್ಸ್ 25ರಿಂದ 19.6, ಗಾರ್ನೆಟ್ 22.4ರಿಂದ 18.8. ಮೂವರೂ ಇಳಿದರು ಅಂತ ನಿಲ್ಲಿಸಿದರೆ ತಪ್ಪು. ಗಾರ್ನೆಟ್ ಆಡಿದ ನಿಮಿಷವೇ 39.4ರಿಂದ 32.8ಕ್ಕೆ ಇಳಿದಿತ್ತು, ಗೆದ್ದಾದ ಪಂದ್ಯದ ಕೊನೆಯಲ್ಲಿ ಬೆಂಚು. 36 ನಿಮಿಷದ ಲೆಕ್ಕಕ್ಕೆ ತಂದರೆ ಅವನ ಅಂಕ 20.5 ಇದ್ದದ್ದು 20.6. ಅವನು ಇಳಿದೇ ಇಲ್ಲ! ಪಾಲು ಸ್ವಲ್ಪ ಹೋಯಿತು, ಶೂಟಿಂಗ್ ಶೇಕಡಾ 47.6ರಿಂದ 53.9 ಆಗಿ ಅದನ್ನು ತುಂಬಿತು. ಆಲನ್ ನಿಜವಾಗಿ ಇಳಿದ: ಪಂದ್ಯಕ್ಕೆ ಹೊಡೆದ ಶಾಟ್ 21ರಿಂದ 13.5. ಅವನಿಗೆ ಆಗ 32 ವಯಸ್ಸು, ವಯಸ್ಸಿನ ಪಾಲನ್ನು ಬೇರೆ ಕಳೆಯಬೇಕು.

ನನ್ನ ಸೂತ್ರವನ್ನು ಹೆಚ್ಚು ಸತಾಯಿಸಿದವನು ಕೆವಿನ್ ಲವ್. ಮಿನೆಸೋಟಾದಲ್ಲಿ 2013-14ಕ್ಕೆ 26.1, ಮರುವರ್ಷ ಕ್ಲೀವ್‌ಲ್ಯಾಂಡ್‌ನಲ್ಲಿ 16.4. ಶಾಟ್ ಕಡಿಮೆಯಾದರೆ ಗುರಿ ಚೊಕ್ಕವಾಗಬೇಕಿತ್ತು. ಅವನ ಶೇಕಡಾವೂ 45.7ರಿಂದ 43.4ಕ್ಕೆ ಬಿತ್ತು. ಕಾರಣ ಪಾತ್ರ. ರಿಮ್ ಹತ್ತಿರ ಪೋಸ್ಟ್ ಮಾಡುತ್ತಿದ್ದವನನ್ನು (ರಿಮ್‌ಗೆ ಬೆನ್ನು ಮಾಡಿ ಬಾಲ್ ಪಡೆದು ಆಡುವುದು) ಮೂರು ಅಂಕದ ಗೆರೆಗೆ ಸರಿಸಿದರು, ಫ್ರೀ ಥ್ರೋ (ಫೌಲಿಗೆ ಸಿಗುವ ಶಾಟ್) ಅರ್ಧಕ್ಕೆ ಇಳಿಯಿತು. ಹಾಗಾಗಿ ಬರೀ ಶೂಟಿಂಗ್ ಶೇಕಡಾ ನಂಬಬೇಡಿ. ಶಾಟ್ ಜೊತೆಗೆ ಫ್ರೀ ಥ್ರೋಗಳ 0.44 ಪಟ್ಟು ಸೇರಿಸಿ, ಅಂಕವನ್ನು ಅದರಿಂದ ಭಾಗಿಸಿ. ಫ್ರೀ ಥ್ರೋ ಕುಸಿದಿದೆಯೇ ಅಂತ ಮೊದಲು ನೋಡಿ; ಕುಸಿದಿದ್ದರೆ ಅದು ಪಾತ್ರ ಬದಲಾದ ಗುರುತು.

ಇದನ್ನೇ ನಮ್ಮ ಕಡೆಯ ಪಂದ್ಯಗಳಿಗೆ, ಮೈಸೂರಿನ ಚಾಮುಂಡಿ ವಿಹಾರ ಕ್ರೀಡಾಂಗಣದ ಟೂರ್ನಮೆಂಟುಗಳ ಸ್ಕೋರ್ ಶೀಟಿಗೆ ಹಾಕಿ ನೋಡಿದೆ. ಅಲ್ಲಿ ಬಳಸುವ ಫಿಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ) ಶೀಟಿನಲ್ಲಿ ಒಳಗೆ ಬಿದ್ದ ಬ್ಯಾಸ್ಕೆಟ್ ಮಾತ್ರ ಬರೆಯುತ್ತಾರೆ, ತಪ್ಪಿದ ಶಾಟ್, ಕಳೆದುಕೊಂಡ ಬಾಲ್ ಎಲ್ಲೂ ಇಲ್ಲ. ಆದ್ದರಿಂದ ಪಾಲು ತೆಗೆಯಲಾಗದು. ಅಲ್ಲಿ ಇಬ್ಬರನ್ನು ಕೂರಿಸಬೇಕು: ಒಬ್ಬರು ಮಿಸ್‌ಗೂ ಕಳೆದುಕೊಂಡ ಬಾಲಿಗೂ ಗೀಟು ಹಾಕಲು, ಇನ್ನೊಬ್ಬರು ಯಾವ ಐವರು ಒಳಗಿದ್ದಾರೆ ಅಂತ ಬರೆಯಲು. ಒಬ್ಬರೇ ಎರಡನ್ನೂ ಹಿಡಿದರೆ ಎರಡನೇ ಕ್ವಾರ್ಟರ್ ಮುಗಿಯುವಷ್ಟರಲ್ಲಿ ಸಬ್‌ಸ್ಟಿಟ್ಯೂಷನ್ ತಪ್ಪಿ, ಇಡೀ ಶೀಟು ಕೆಲಸಕ್ಕೆ ಬಾರದೆ ಹೋಗುತ್ತದೆ.