ದನದ ಕೊಟ್ಟಿಗೆಯಿಂದ ಅಡುಗೆಮನೆವರೆಗೆ: ನಾನು ರಿವಿಜನ್ ಮಾಡಿದ ರೀತಿ

ಹಗಲು ಹಾವೇರಿ ಸುತ್ತಮುತ್ತಲ ಹಳ್ಳಿಗಳಲ್ಲಿ ದನಕರು ನೋಡುವುದು, ರಾತ್ರಿ ಪಶುವೈದ್ಯಾಧಿಕಾರಿ ಪರೀಕ್ಷೆಗೆ ಓದುವುದು, ಇದು ನನ್ನ ದಿನಚರಿ. ಮೈಕ್ರೋಬಯಾಲಜಿ ಬೇರೆ, ಮೆಡಿಸಿನ್ ಬೇರೆ, ಪಬ್ಲಿಕ್ ಹೆಲ್ತ್ ಬೇರೆ ಅಂತ ಪುಸ್ತಕಗಳನ್ನು ಸಾಲಾಗಿ ಮುಗಿಸುವಷ್ಟು ಟೈಮ್ ನನಗಿಲ್ಲ. ಅದಕ್ಕೇ ಒಂದು ರೋಗಕ್ಕೆ ಒಂದು ಹಾಳೆ ಅಂತ ಮಾಡಿಕೊಂಡೆ. ಮೇಲ್ಗಡೆ ರೋಗಾಣು, ನಡುವೆ ಲಕ್ಷಣ, ಪರೀಕ್ಷೆ, ಲಸಿಕೆ. ಕೊನೆಯ ಸಾಲು ಮಾತ್ರ ಎಲ್ಲ ಹಾಳೆಗೂ ಒಂದೇ: ಹಾಲು ಏನು ಮಾಡಬೇಕು, ಮಾಂಸ ಏನು ಮಾಡಬೇಕು, ಮನುಷ್ಯರಿಗೆ ಬರುತ್ತಾ? ರೈತರು ಕೇಳುವುದೂ ಇದನ್ನೇ, ಪ್ರಶ್ನೆಪತ್ರಿಕೆಯಲ್ಲಿ ಬರುವುದೂ ಇದೇ.

2022ರಲ್ಲಿ ನಮ್ಮ ಜಿಲ್ಲೆಯಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಎಷ್ಟೋ ಮನೆಗಳಲ್ಲಿ ಹಾಲು ಕುಡಿಯುವುದನ್ನೇ ಬಿಟ್ಟಿದ್ದರು. ಅದು ಕ್ಯಾಪ್ರಿಪಾಕ್ಸ್ ವೈರಸ್, ಮನುಷ್ಯರಿಗೆ ಬರುವುದಿಲ್ಲ, ಕಾಯಿಸಿದ ಹಾಲಿಗೆ ಏನೂ ಭಯವಿಲ್ಲ. ಆಗ ಹಾಕಿದ್ದು ಮೇಕೆ ಸಿಡುಬಿನ ಲಸಿಕೆ, ಎರಡೂ ವೈರಸ್ ಒಂದೇ ಕುಲದವು ಅನ್ನುವ ಕಾರಣಕ್ಕೆ. ಈ ಒಂದು ಹಾಳೆ ನನಗೆ ಕಂಠಪಾಠ ಮಾಡದೇ ನೆನಪಿದೆ.

ನೆರಡಿ (ಆಂಥ್ರಾಕ್ಸ್), ಗಳಲೆ, ಚಪ್ಪೆ, ದನದ ಈ ಮೂರು ರೋಗಗಳನ್ನು ಮಾತ್ರ ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಬರೆದುಕೊಂಡೆ. ಮೂರರಲ್ಲೂ ನಿನ್ನೆ ಚೆನ್ನಾಗಿ ಮೇಯ್ದ ದನ ಇವತ್ತು ಸತ್ತು ಬಿದ್ದಿರುತ್ತದೆ, ಅಲ್ವಾ. ಗಳಲೆಯಲ್ಲಿ ಗಂಟಲು ಬಾತಿರುತ್ತದೆ, ಜೋರು ಜ್ವರ, ಎಮ್ಮೆಗಳಿಗೆ ಜಾಸ್ತಿ; ಪಾಶ್ಚುರೆಲ್ಲಾ ಮಲ್ಟೋಸಿಡಾ. ಚಪ್ಪೆ ಬರುವುದು ಆರು ತಿಂಗಳಿಂದ ಎರಡು ವರ್ಷದೊಳಗಿನ ಮೈತುಂಬಿದ ಕರುಗಳಿಗೆ, ತೊಡೆಯೋ ಭುಜವೋ ಬಾತು, ಒತ್ತಿದರೆ ಚರಚರ ಅನ್ನುತ್ತದೆ, ಒಳಗೆ ಗಾಳಿ ತುಂಬಿರುತ್ತದೆ, ಕ್ಲಾಸ್ಟ್ರಿಡಿಯಂ ಶೊವೇಯಿ. ನೆರಡಿಯಲ್ಲಿ ಮೂಗು, ಬಾಯಿ, ಗುದದ್ವಾರದಿಂದ ಕಪ್ಪು ರಕ್ತ ಬರುತ್ತದೆ, ಅದು ಹೆಪ್ಪುಗಟ್ಟುವುದಿಲ್ಲ. ಅಂಥ ಹೆಣವನ್ನು ಕೊಯ್ಯಲೇಬಾರದು. ಕೊಯ್ದರೆ ಗಾಳಿ ತಾಗಿ ರೋಗಾಣು ಬ್ಯಾಸಿಲಸ್ ಆಂಥ್ರಾಸಿಸ್ ಸ್ಪೋರ್ (ಗಟ್ಟಿ ಕವಚದ ಬೀಜಾಣು) ಆಗುತ್ತದೆ, ಆ ಸ್ಪೋರ್ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಗ್ಲೌಸ್ ಹಾಕಿಕೊಂಡು ಕಿವಿಯ ನರದಿಂದ ಒಂದು ಹನಿ ರಕ್ತ ತೆಗೆದು ಸ್ಲೈಡ್ ಮೇಲೆ ಎಳೆಯಬೇಕು, ಪಾಲಿಕ್ರೋಮ್ ಮೆಥಿಲೀನ್ ಬ್ಲೂ ಹಾಕಿದರೆ ನೀಲಿ ಕಡ್ಡಿಗಳ ಸುತ್ತ ಗುಲಾಬಿ ಬಣ್ಣದ ಕವಚ ಕಾಣುತ್ತದೆ. ಅದೇ ಮ್ಯಾಕ್‌ಫೇಡಿಯನ್ ರಿಯಾಕ್ಷನ್. ಕೊನೆಯ ಸಾಲಲ್ಲಿ ನಾನು ಕೆಂಪು ಇಂಕಿನಲ್ಲಿ ಬರೆದಿದ್ದು: ಹಾಲಿಲ್ಲ, ಮಾಂಸವಿಲ್ಲ, ಚರ್ಮವೂ ಇಲ್ಲ. ಸುಡಬೇಕು, ಇಲ್ಲಾ ಆಳವಾಗಿ ಹೂಳಬೇಕು.

ಕಂದು ರೋಗದ (ಗಬ್ಬ ಹೋಗುವ ಬ್ರುಸೆಲ್ಲೋಸಿಸ್) ಹಾಳೆ ನಮ್ಮ ಜೀವಕ್ಕೇ ಸಂಬಂಧಪಟ್ಟಿದ್ದು. ಐದು ತಿಂಗಳು ದಾಟಿದ ಗಬ್ಬ ಕಂದು ಹಾಕಿತು, ಸತ್ತೆ (ಮಾಸು) ಬಿದ್ದಿಲ್ಲ ಅಂತ ಫೋನ್ ಬಂದರೆ ಮೊದಲು ನೆನಪಾಗಬೇಕಾದದ್ದು ಬ್ರುಸೆಲ್ಲಾ. ಬರಿಗೈಯಲ್ಲಿ ಸತ್ತೆ ತೆಗೆಯುವ ವೈದ್ಯರಿಗೇ ಇದು ಅಂಟುತ್ತದೆ. ಎಸ್-19 ಲಸಿಕೆಯನ್ನು ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಒಂದೇ ಸಲ ಹಾಕುತ್ತಾರೆ, ಅದರ ಸೂಜಿ ಚುಚ್ಚಿಕೊಂಡರೂ ನಮಗೆ ರೋಗ ಬರಬಹುದು. ಹಸಿ ಹಾಲು ಬೇಡ, ಕಾಯಿಸಿದ ಹಾಲು ಸರಿ.

ಹಾಲಿನ ವಿಷಯ ಬಂದಾಗ ಅಂಕಿಗಳು ಬೇಕೇ ಬೇಕು. ಪಾಶ್ಚರೀಕರಣಕ್ಕೆ 63 ಡಿಗ್ರಿಯಲ್ಲಿ 30 ನಿಮಿಷ, ಇಲ್ಲಾ 72 ಡಿಗ್ರಿಯಲ್ಲಿ 15 ಸೆಕೆಂಡ್. ಈ ಶಾಖಕ್ಕೆ ಅಳತೆಗೋಲು ಕ್ಯೂ ಜ್ವರ ತರುವ ಕಾಕ್ಸಿಯೆಲ್ಲಾ ಬ್ಯಾಕ್ಟೀರಿಯಾ, ಅದು ಸಾಯುವಷ್ಟು ಕಾಯಿಸಬೇಕು ಅಂತ. ಸರಿಯಾಗಿ ಆಗಿದೆಯಾ ಅಂತ ನೋಡಲು ಫಾಸ್ಫಟೇಸ್ ಟೆಸ್ಟ್, ಅಂದರೆ ಹಾಲಿನ ಆ ಕಿಣ್ವ ಇನ್ನೂ ಉಳಿದಿದೆಯಾ ಅಂತ ನೋಡುವುದು. ಇಷ್ಟನ್ನು ಎಲ್ಲರೂ ಓದುತ್ತಾರೆ. ನಾನು ಜಾಸ್ತಿ ಹೊತ್ತು ಕೂತಿದ್ದು ಕಾಯಿಸಿದರೂ ಹೋಗದವುಗಳ ಮೇಲೆ.

ಒಂದನೆಯದು ಸ್ಟಾಫಿಲೋಕಾಕಸ್ ಆರಿಯಸ್. ಕೆಚ್ಚಲು ಬಾವಿನ ಹಾಲು ಬಿಸಿಲಲ್ಲಿ ಹಾಗೇ ಕೂತರೆ ಈ ಬ್ಯಾಕ್ಟೀರಿಯಾ ವಿಷ ಬಿಡುತ್ತದೆ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಉಳಿಯುತ್ತದೆ. ಧಾರವಾಡದ ಕಡೆ ಎಮ್ಮೆ ಹಾಲಿನ ಖೋವಾ ಎಷ್ಟು ಹೊತ್ತು ಕೈಯಾಡಿಸುತ್ತಾರೆ ಅಂತ ಗೊತ್ತಲ್ಲ, ಅಷ್ಟು ಹೊತ್ತು ಕಾಯಿಸಿದ ಮೇಲೂ ಹಾಲಲ್ಲಿ ಮೊದಲೇ ಆಗಿದ್ದ ವಿಷ ಹೋಯಿತು ಅಂತ ನಂಬುವ ಹಾಗಿಲ್ಲ. ಆದ್ದರಿಂದ ತಡೆಯಬೇಕಾದದ್ದು ಕೊಟ್ಟಿಗೆಯಲ್ಲೇ. ನಾಲ್ಕು ಬಟ್ಟಲಿನ ಪ್ಯಾಡಲ್‌ಗೆ ನಾಲ್ಕು ಮೊಲೆಯ ಹಾಲು ಬೇರೆಬೇರೆ ಹಿಂಡಿ, ಅಷ್ಟೇ ಸಿಎಂಟಿ (ಕೆಚ್ಚಲು ಬಾವು ಪತ್ತೆಹಚ್ಚುವ ಕ್ಯಾಲಿಫೋರ್ನಿಯಾ ಮ್ಯಾಸ್ಟೈಟಿಸ್ ಟೆಸ್ಟ್) ದ್ರಾವಣ ಹಾಕಿ ಗುಂಡಗೆ ತಿರುಗಿಸಿದರೆ ಬಾವಿದ್ದ ಮೊಲೆಯ ಹಾಲು ಲೋಳೆಯಂತೆ ಗಟ್ಟಿಯಾಗಿ ನಡುವೆ ಬಂದು ಕೂರುತ್ತದೆ. ಕೆಚ್ಚಲು ನೋಡಿದರೆ ಏನೂ ಕಾಣುತ್ತಿರುವುದಿಲ್ಲ.

ಎರಡನೆಯದು ಅಫ್ಲಾಟಾಕ್ಸಿನ್, ಬೂಸರು ಬಿಡುವ ವಿಷ. ನಮ್ಮದು ಗೋವಿನಜೋಳದ ಜಿಲ್ಲೆ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ರಾಶಿ ಒಣಗುವುದಿಲ್ಲ, ಕಾಳಿನ ಮೊಳಕೆ ಭಾಗದಲ್ಲಿ ಹಳದಿಮಿಶ್ರಿತ ಹಸಿರು ಬೂಸರು ಹಿಡಿಯುತ್ತದೆ. ಮಾರಲು ಬಾರದ್ದನ್ನು ದನಕ್ಕೆ ಹಾಕುತ್ತಾರೆ. ಮೇವಿನಲ್ಲಿ ತಿಂದ ಅಫ್ಲಾಟಾಕ್ಸಿನ್ ಬಿ1 ಹಸುವಿನ ಯಕೃತ್ತಿನಲ್ಲಿ ಎಂ1 ಅನ್ನುವ ರೂಪವಾಗಿ ಹಾಲಿಗೆ ಬರುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಹಾಲಿನಲ್ಲಿ ಮಿತಿ ಕೆಜಿಗೆ 0.5 ಮೈಕ್ರೋಗ್ರಾಂ. ಆ ಮೇವು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಹಾಲು ಸರಿಹೋಗುತ್ತದೆ, ಇದನ್ನು ಹೇಳಿದರೆ ರೈತರು ಕೇಳುತ್ತಾರೆ.

ಮೂರನೆಯದು ನಾವೇ ಕೊಡುವ ಆಂಟಿಬಯೋಟಿಕ್. ಮೊಲೆಯೊಳಗೆ ಔಷಧಿ ಟ್ಯೂಬ್ ಹಾಕಿದ ಮೇಲೆ ಲೇಬಲ್ ಮೇಲೆ ಬರೆದಷ್ಟು ದಿನ ಹಾಲು ಡೈರಿಗೆ ಹೋಗಬಾರದು, ಮನೆಗೂ ಬೇಡ. "ಡಾಕ್ಟ್ರೇ, ಮೊಸರೇ ಹೆಪ್ಪಾಗವಲ್ದು" ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಇಂಜೆಕ್ಷನ್ ಯಾವತ್ತು ಕೊಡಿಸಿದಿರಿ ಅಂತ. ಔಷಧಿ ಹೆಪ್ಪಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ.

ಮಾಂಸ ತಪಾಸಣೆಯನ್ನು ಬೇಗ ಮುಗಿಸಿದೆ. ದವಡೆ ಸ್ನಾಯು, ನಾಲಿಗೆ, ಹೃದಯದಲ್ಲಿ ಲಾಡಿಹುಳದ ಸಿಸ್ಟ್. ಯಕೃತ್ತು, ಶ್ವಾಸಕೋಶದಲ್ಲಿ ಹೈಡಾಟಿಡ್, ಅಂದರೆ ನಾಯಿಯ ಲಾಡಿಹುಳದ ನೀರುಗುಳ್ಳೆ. ಚಿತ್ರ ನೋಡಿ ಓದಿದರೆ ಸಾಕು.

ಈಗ ಕುರಿ, ಆಡಿನ ಹಾಳೆಗಳು ನಡೆದಿವೆ. ಗದಗ ಕಡೆ ಕುರಿಗಾರರು ಜಾಸ್ತಿ, ಅವರು ಬಾಯಿ ಹುಣ್ಣು ಅಂತಲೇ ತೋರಿಸುತ್ತಾರೆ. ಹುಣ್ಣಿನ ಜೊತೆ ಜ್ವರ, ಮೂಗಲ್ಲಿ ಸಿಂಬಳ, ಭೇದಿ ಇದ್ದರೆ ಹಿರೇಬೇನೆ (ಪಿಪಿಆರ್ ಅನ್ನುವ ವೈರಸ್ ರೋಗ); ಮನುಷ್ಯರಿಗೆ ಬರುವುದಿಲ್ಲ, 2030ರೊಳಗೆ ಜಗತ್ತಿನಿಂದಲೇ ತೊಲಗಿಸುವ ಗುರಿ ಇದೆ. ತುಟಿ ಸುತ್ತ ಬರೀ ಹೊಪ್ಪಳೆ ಕಟ್ಟಿದ್ದರೆ ಆರ್ಫ್ ಅನ್ನುವ ಇನ್ನೊಂದು ವೈರಸ್ ರೋಗ. ಇದರ ಕೊನೆಯ ಸಾಲು ಬೇರೆ: ಮರಿಗೆ ಹಾಲು ಕುಡಿಸುವವರ ಬೆರಳು ನೋಡಿ, ಅಲ್ಲೂ ಗುಳ್ಳೆ ಇರಬಹುದು.