ಕಾಂಟ್ರ್ಯಾಕ್ಟ್ ಕೆಲಸ ಯಾವಾಗ ಬಿಡಬೇಕು? ಮೊದಲು ಲೆಕ್ಕ, ಆಮೇಲೆ ರಾಜೀನಾಮೆ

ಬೆಂಗಳೂರಿನ ಟೆಕ್ ಪಾರ್ಕ್‌ಗಳಲ್ಲಿ ಪಕ್ಕಪಕ್ಕ ಕೂತು ಒಂದೇ ಕೆಲಸ ಮಾಡುವ ಇಬ್ಬರ ಕೊರಳಲ್ಲಿ ಬೇರೆ ಬೇರೆ ಬಣ್ಣದ ಟ್ಯಾಗ್ ಇರುವುದನ್ನು ನೋಡಿರುತ್ತೀರಿ. ಒಬ್ಬರು ಕಂಪನಿಯವರು, ಇನ್ನೊಬ್ಬರು ಥರ್ಡ್ ಪಾರ್ಟಿ ಪೇರೋಲ್‌ನವರು, ಅಂದರೆ ಕೆಲಸ ಇಲ್ಲಿ, ಸಂಬಳ ಕೊಡುವುದು ಜನರನ್ನು ಒದಗಿಸುವ ಬೇರೊಂದು ಸ್ಟಾಫಿಂಗ್ ಕಂಪನಿ. ಈ ಎರಡನೆಯವರು ಕೆಲಸ ಬದಲಿಸುವಾಗ ಎಡವುವುದನ್ನು ಎಚ್‌ಆರ್ ಟೇಬಲ್ಲಿನ ಈಚೆ ಕೂತು ಬೇಕಾದಷ್ಟು ನೋಡಿದ್ದೇನೆ. ಕೆಲವರು ಕಾಂಟ್ರ್ಯಾಕ್ಟ್ ಮುಗಿಯುವ ವಾರದವರೆಗೂ ಸುಮ್ನೆ ಕೂರುತ್ತಾರೆ. ಇನ್ನು ಕೆಲವರು ಹೊಸ ಕಡೆಯ ಸಿಟಿಸಿ (ಕಂಪನಿ ನಿಮಗಾಗಿ ಮಾಡುವ ವರ್ಷದ ಒಟ್ಟು ಖರ್ಚು) ಕೇಳಿದ ಸಂಜೆಯೇ ರಾಜೀನಾಮೆ ಮೇಲ್ ಒತ್ತಿಬಿಡುತ್ತಾರೆ.

ಹಂತ 1: ನಿಮ್ಮ ಸಂಬಳ ಯಾರು ಕೊಡುತ್ತಿದ್ದಾರೆ?

ಕಾಂಟ್ರ್ಯಾಕ್ಟ್ ಅಂದರೆ ಎಲ್ಲವೂ ಒಂದೇ ಅಲ್ಲ. ಪೇಸ್ಲಿಪ್ ತೆಗೆದು ಮೇಲಿನ ಹೆಸರು ನೋಡಿ. ಸ್ಟಾಫಿಂಗ್ ಕಂಪನಿ ಹೆಸರಿದ್ದರೆ ನೀವು ಥರ್ಡ್ ಪಾರ್ಟಿ. ಪೇಸ್ಲಿಪ್ಪೇ ಇಲ್ಲದೆ, ತಿಂಗಳಿಗೊಂದು ಬಿಲ್ ಕೊಟ್ಟು ಶೇ 10 ಟಿಡಿಎಸ್ (ಮೊದಲೇ ಹಿಡಿದುಕೊಳ್ಳುವ ಆದಾಯ ತೆರಿಗೆ) ಕಳೆದು ದುಡ್ಡು ಬರುತ್ತಿದ್ದರೆ ನೀವು ಕನ್ಸಲ್ಟೆಂಟ್. ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ಕಂಪನಿಯೇ ನೇರವಾಗಿ ಇಂತಿಷ್ಟು ಅವಧಿಗೆ ತೆಗೆದುಕೊಂಡಿದ್ದರೆ ಅದು ಫಿಕ್ಸೆಡ್ ಟರ್ಮ್. ಈ ಕೊನೆಯವರು ಆತುರ ಪಡಬೇಡಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಯಲ್ಲಿ, ಒಂದು ವರ್ಷ ದುಡಿದು ಅವಧಿ ಮುಗಿಸಿದ ಫಿಕ್ಸೆಡ್ ಟರ್ಮ್ ನೌಕರರಿಗೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಗೆ ಕೊಡುವ ಇಡಿಗಂಟು) ಇದೆ, ಐದು ವರ್ಷ ಕಾಯಬೇಕಿಲ್ಲ. ಇನ್ನೊಂದು ತಿಂಗಳು ಇದೆ ಅನ್ನುವಾಗ ಎದ್ದು ಹೋದರೆ ನಷ್ಟ ನಿಮಗೇ.

ಹಂತ 2: ಪಿಒ ಎಲ್ಲಿಯವರೆಗೆ ಇದೆ ಎಂದು ಕೇಳಿ

ನೀವು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತೀರಿ ಎನ್ನುವುದಕ್ಕೂ ಕಾಂಟ್ರ್ಯಾಕ್ಟ್ ಮುಂದುವರಿಯುವುದಕ್ಕೂ ನೀವು ಅಂದುಕೊಂಡಷ್ಟು ಸಂಬಂಧ ಇಲ್ಲ. ಕ್ಲೈಂಟ್ ಕಂಪನಿ ಸ್ಟಾಫಿಂಗ್ ಕಂಪನಿಗೆ ಕೊಟ್ಟಿರುವ ಪರ್ಚೇಸ್ ಆರ್ಡರ್ (ಪಿಒ, ಇಷ್ಟು ಅವಧಿಗೆ ಜನ ಬೇಕು ಎಂಬ ಆದೇಶ) ಮುಗಿದರೆ ನಿಮ್ಮ ಕುರ್ಚಿಯೂ ಮುಗಿಯಿತು. ಹಾಗಾಗಿ ಕಾಂಟ್ರ್ಯಾಕ್ಟ್ ಮುಗಿಯಲು ಮೂರು ತಿಂಗಳು ಇರುವಾಗ ಟೈಮ್‌ಶೀಟ್‌ಗೆ ಅಪ್ರೂವಲ್ ಕೊಡುವ ಮ್ಯಾನೇಜರ್ ಹತ್ತಿರ ನೇರವಾಗಿ ಕೇಳಿ: “ಸರ್, ಪಿಒ ಎಲ್ಲಿವರೆಗೆ ಇದೆ?” ಸ್ಟಾಫಿಂಗ್ ಕಡೆಯವರನ್ನು ಕೇಳಿ ಪ್ರಯೋಜನ ಇಲ್ಲ, “ಎಕ್ಸ್‌ಟೆನ್ಷನ್ ಪಕ್ಕಾ ಮೇಡಂ” ಅನ್ನುವುದು ಅವರ ಬಾಯಿಪಾಠ.

“ಮುಂದಿನ ಕ್ವಾರ್ಟರ್‌ನಲ್ಲಿ ಪರ್ಮನೆಂಟ್ ಮಾಡ್ತೀವಿ” ಎಂಬ ಮಾತನ್ನು ಮೊದಲ ಸಲ ನಂಬಿ. ಎರಡನೇ ಸಲ ಅದೇ ಮಾತು ಬಂದರೆ, ಅವತ್ತೇ ರೆಸ್ಯೂಮೆ ಅಪ್‌ಡೇಟ್ ಮಾಡಿ. ಮೂರನೇ ಸಲಕ್ಕೆ ಕಾಯುವವರಿಗೆ ನನ್ನ ಹತ್ತಿರ ಸಲಹೆ ಇಲ್ಲ.

ರೆಸ್ಯೂಮೆ ಬರೆದುಕೊಡುತ್ತೇವೆ, ಕೆಲಸ ಗ್ಯಾರಂಟಿ ಎಂದು ಮೂರ್ನಾಲ್ಕು ಸಾವಿರ ಕೇಳುವ ಫೋನ್ ಬರುತ್ತವೆ, ಅಲ್ವಾ? ಕಟ್ ಮಾಡಿ. ಕೆಲಸ ಕೊಡುವವರು ಕ್ಯಾಂಡಿಡೇಟ್ ಹತ್ತಿರ ದುಡ್ಡು ಕೇಳುವುದಿಲ್ಲ.

ಹಂತ 3: ಎರಡು ಸಂಬಳ ಹೋಲಿಸುವುದು

ಎಲ್ಲರೂ ಎಡವುವ ಜಾಗ ಇದು. ಒಂದು ಹಾಳೆ, ಪೆನ್ನು ತೆಗೆದುಕೊಳ್ಳಿ. ಆನ್‌ಲೈನ್ ಸ್ಯಾಲರಿ ಕ್ಯಾಲ್ಕುಲೇಟರ್ ಬೇಡ, ನಿಮ್ಮ ಆಫರ್‌ನಲ್ಲಿ ವೇರಿಯಬಲ್ ಪೇ (ಸಂಬಳದಲ್ಲಿ ಖಾತ್ರಿ ಇಲ್ಲದ ಭಾಗ) ಎಷ್ಟು ಎಂದು ಅದಕ್ಕೆ ಏನು ಗೊತ್ತು?

ಈಗ ಕೈಗೆ 38,000 ಬರುತ್ತಿದೆ ಅಂದುಕೊಳ್ಳಿ. ಹೊಸ ಕಡೆ ಪರ್ಮನೆಂಟ್, ಸಿಟಿಸಿ 6 ಲಕ್ಷ. ಭಾಗಿಸಿದರೆ ತಿಂಗಳಿಗೆ 50,000. ಹನ್ನೆರಡು ಸಾವಿರ ಜಾಸ್ತಿ ಎಂದು ಮನೆಯಲ್ಲಿ ಹೇಳಿ, ಬೈಕ್ ಇಎಂಐ ವಿಚಾರಿಸಿಯೂ ಆಗಿರುತ್ತದೆ.

ಆಫರ್‌ನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುವ ಪಟ್ಟಿಯನ್ನು ಈಗ ಬಿಡಿಸಿ. ಬೇಸಿಕ್ 25,000 ಇದ್ದರೆ, ಕಂಪನಿಯ ಪಾಲಿನ ಪಿಎಫ್ ಶೇ 12, ಅಂದರೆ 3,000. ಇದು ನಿಮ್ಮ ಸಿಟಿಸಿಯ ಒಳಗೇ ಇದೆ. ಗ್ರಾಚ್ಯುಟಿ ಬೇಸಿಕ್‌ನ ಶೇ 4.81, ಸುಮಾರು 1,200. ಪರ್ಮನೆಂಟ್ ಕೆಲಸದಲ್ಲಿ ಐದು ವರ್ಷ ಇದ್ದರೆ ಮಾತ್ರ ಇದು ಸಿಗುತ್ತದೆ, ಎರಡೇ ವರ್ಷಕ್ಕೆ ಬಿಡುವವರಿಗೆ ಬರೀ ಕಾಗದದ ಮೇಲಿನ ಅಂಕಿ. ವೇರಿಯಬಲ್ ಶೇ 10 ಇದ್ದರೆ ತಿಂಗಳಿಗೆ 5,000 ಪಕ್ಕಕ್ಕೆ; ವರ್ಷದ ಕೊನೆಗೆ ಬಂದರೆ ಬಂತು. ಇನ್ಶೂರೆನ್ಸ್‌ಗೆ 500 ಇಟ್ಟುಕೊಳ್ಳೋಣ. ಉಳಿದದ್ದು 40,300. ಇದರಲ್ಲಿ ನಿಮ್ಮ ಪಾಲಿನ ಪಿಎಫ್ 3,000, ವೃತ್ತಿ ತೆರಿಗೆ 200 ಕಳೆಯಿರಿ (ಫೆಬ್ರುವರಿಯಲ್ಲಿ 300). ಹೊಸ ಪದ್ಧತಿಯಲ್ಲಿ ಈ ಸಂಬಳಕ್ಕೆ ಆದಾಯ ತೆರಿಗೆ ಬರುವುದಿಲ್ಲ. ಕೈಗೆ ಬರುವುದು 37,100.

ಈಗಿನದಕ್ಕಿಂತ ಒಂಬೈನೂರು ಕಮ್ಮಿ!

ಆದರೆ ಲೆಕ್ಕ ಇಲ್ಲಿಗೇ ನಿಲ್ಲಿಸಿ ಆಫರ್ ಬೇಡ ಅನ್ನುವುದೂ ತಪ್ಪೇ. ಪಿಎಫ್ ನಿಮ್ಮದೇ ದುಡ್ಡು. ಹೊಸ ಕಡೆ ಎರಡೂ ಪಾಲು ಸೇರಿ ತಿಂಗಳಿಗೆ 6,000. ಈಗಿನ ಕಡೆ ಬಹಳಷ್ಟು ಸ್ಟಾಫಿಂಗ್ ಕಂಪನಿಗಳಂತೆ ಬೇಸಿಕ್‌ನ 15,000ಕ್ಕೆ ಮಾತ್ರ ಶೇ 12 ಪಿಎಫ್ ಕಟ್ಟುತ್ತಿದ್ದರೆ 1,800ಕ್ಕೆ 1,800 ಸೇರಿ 3,600. ಕಂಪನಿ ಪಾಲಿನಲ್ಲಿ 1,250 ಪಿಂಚಣಿ ಖಾತೆಗೆ ಹೋಗುತ್ತದೆ, ಅದು ಎರಡೂ ಕಡೆ ಅಷ್ಟೇ. ಅಲ್ಲಿಗೆ ಈಗ 41,600, ಹೊಸದು 43,100. ಹನ್ನೆರಡು ಸಾವಿರ ಎಂದುಕೊಂಡಿದ್ದ ಏರಿಕೆ ಒಂದೂವರೆ ಸಾವಿರಕ್ಕೆ ಇಳಿಯಿತು.

ಇನ್ನು ರಜೆ. ಕಾಂಟ್ರ್ಯಾಕ್ಟ್‌ನಲ್ಲಿ ಬರದ ದಿನಕ್ಕೆ ಸಂಬಳ ಇಲ್ಲ ಎಂದಿದ್ದರೆ, ಕಳೆದ ವರ್ಷ ಎಷ್ಟು ದಿನ ಕಟ್ ಆಯಿತು ಎಂದು ಪೇಸ್ಲಿಪ್‌ಗಳಲ್ಲಿ ಎಣಿಸಿ. ಎಂಟು ದಿನ ಹೋಗಿದ್ದರೆ ಸುಮಾರು ಹತ್ತು ಸಾವಿರ ಹೋದ ಹಾಗೆ. ಅಪ್ಪ ಅಮ್ಮನಿಗೂ ಆರೋಗ್ಯ ವಿಮೆ ಇದೆಯೇ ಕೇಳಿ. ನನ್ನ ಪ್ರಕಾರ ಸಂಬಳ ಎರಡು ಸಾವಿರ ಕಮ್ಮಿ ಇದ್ದರೂ ಈ ಒಂದಕ್ಕೆ ಒಪ್ಪಿಕೊಳ್ಳಬಹುದು. ಕೊನೆಗೆ ದಾರಿ. ವೈಟ್‌ಫೀಲ್ಡ್‌ನಲ್ಲಿ ಮನೆ ಇಟ್ಟುಕೊಂಡು ಎಲೆಕ್ಟ್ರಾನಿಕ್ ಸಿಟಿಗೆ ದಿನಾ ಹೋಗಿಬರುವುದಾದರೆ ಆ ಒಂದೂವರೆ ಸಾವಿರ ಪೆಟ್ರೋಲಿಗೂ ಸಾಲದು.

ಹಂತ 4: ಲಿಖಿತ ಆಫರ್ ಬರುವವರೆಗೆ ಬಾಯಿ ಬಿಡಬೇಡಿ

“ನೀವು ಸೆಲೆಕ್ಟ್ ಆಗಿದ್ದೀರಿ, ರಿಸೈನ್ ಮಾಡಿ, ಲೆಟರ್ ಕಳಿಸ್ತೀವಿ” ಎಂಬ ಫೋನ್ ಆಫರ್ ಅಲ್ಲ. ಸಂಬಳದ ವಿವರ, ಸೇರುವ ದಿನಾಂಕ, ನೋಟಿಸ್ ಅವಧಿ ಇರುವ ಪತ್ರ ಮೇಲ್‌ಗೆ ಬರಬೇಕು. ಪರ್ಮನೆಂಟ್ ಕೆಲಸದಲ್ಲಿ ನೋಟಿಸ್ 90 ದಿನ ಇರಬಹುದು, ಮುಂದಿನ ಸಲ ಬದಲಿಸುವಾಗ ಅದೇ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ಬಾಂಡ್ (ಇಷ್ಟು ವರ್ಷ ಬಿಡುವುದಿಲ್ಲ, ಬಿಟ್ಟರೆ ದುಡ್ಡು ಕಟ್ಟುತ್ತೇನೆ ಎಂಬ ಕರಾರು) ಇದ್ದರೆ ‘ಅದೆಲ್ಲ ಕೋರ್ಟಲ್ಲಿ ನಿಲ್ಲಲ್ಲ’ ಅನ್ನುವ ಗೆಳೆಯರ ಮಾತು ಕೇಳಬೇಡಿ. ಮೂರು ವರ್ಷಕ್ಕೆ ಮೊದಲು ಬಿಟ್ಟರೆ 2 ಲಕ್ಷ ಕಟ್ಟಬೇಕು ಎಂಬ ಷರತ್ತು ಸರಿ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಹೇಳಿದೆ.

ಹೊಸ ಕಂಪನಿಯ ಫಾರಂ ತುಂಬುವಾಗ ಹಳೆಯ ಕೆಲಸದ ಜಾಗದಲ್ಲಿ ಕ್ಲೈಂಟ್ ಹೆಸರು ಬರೆಯಬೇಡಿ. ದೊಡ್ಡ ಹೆಸರು ಎಂದು ಆಸೆಯಾಗುತ್ತದೆ, ನಿಜ. ಆದರೆ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನವರು ಅಲ್ಲಿಗೆ ಕೇಳಿದರೆ “ಈ ಹೆಸರಿನವರು ನಮ್ಮಲ್ಲಿ ಇಲ್ಲ” ಎಂಬ ಉತ್ತರ ಬರುತ್ತದೆ. ಪಿಎಫ್ ಸರ್ವಿಸ್ ಹಿಸ್ಟರಿಯಲ್ಲೂ ಸ್ಟಾಫಿಂಗ್ ಕಂಪನಿ ಹೆಸರೇ ಇರುತ್ತದೆ. ಅದನ್ನೇ ಬರೆದು, ಕ್ಲೈಂಟ್ ಹೆಸರನ್ನು ಪಕ್ಕದಲ್ಲಿ ಹಾಕಿ.

ಹಂತ 5: ರಾಜೀನಾಮೆ

ಇದು ಸುಲಭ. ಮೇಲ್ ಸ್ಟಾಫಿಂಗ್ ಕಂಪನಿಗೆ, ಕಾಪಿ ಮ್ಯಾನೇಜರ್‌ಗೆ, ಕೊನೆಯ ದಿನಾಂಕ ಸ್ಪಷ್ಟವಾಗಿ.

ಬಾಕಿ ಸಂಬಳವನ್ನು ಕೆಲಸ ಬಿಟ್ಟ ಎರಡು ಕೆಲಸದ ದಿನದೊಳಗೆ ಕೊಡಬೇಕು ಎಂದು ಈಗ ಕಾನೂನು ಹೇಳುತ್ತದೆ. ಆದರೂ ಒಂದೂವರೆ ತಿಂಗಳ ಖರ್ಚಿನ ದುಡ್ಡು ಕೈಯಲ್ಲಿಟ್ಟುಕೊಂಡೇ ಹೊರಡಿ. ಹೊಸ ಕಡೆ ಹಳೆಯ ಯುಎಎನ್ ನಂಬರನ್ನೇ (ಕೆಲಸ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ಕೊಡಿ, ಪಿಎಫ್ ವರ್ಗಾಯಿಸಿ, ತೆಗೆಯಬೇಡಿ. ಒಟ್ಟು ಸರ್ವಿಸ್ ಐದು ವರ್ಷ ಆಗುವ ಮೊದಲು 50,000 ಅಥವಾ ಹೆಚ್ಚು ತೆಗೆದರೆ ಶೇ 10 ಟಿಡಿಎಸ್ ಹೋಗುತ್ತದೆ. ಹಳೆಯವರು ಪಿಎಫ್‌ನಲ್ಲಿ ನಿಮ್ಮ ಕೊನೆಯ ದಿನಾಂಕ ಹಾಕದೆ ಸತಾಯಿಸಿದರೆ ಅವರ ಹಿಂದೆ ಅಲೆಯಬೇಕಿಲ್ಲ. ಅವರು ಕೊನೆಯದಾಗಿ ಪಿಎಫ್ ಕಟ್ಟಿ ಎರಡು ತಿಂಗಳಾದ ಮೇಲೆ ಇಪಿಎಫ್‌ಒ ಸದಸ್ಯರ ಪೋರ್ಟಲ್‌ನ ‘ಮ್ಯಾನೇಜ್’ ಮೆನುವಿನಲ್ಲಿ ‘ಮಾರ್ಕ್ ಎಕ್ಸಿಟ್’ ಒತ್ತಿ, ಆಧಾರ್ ಒಟಿಪಿ ಕೊಟ್ಟು ನೀವೇ ಹಾಕಿಕೊಳ್ಳಬಹುದು.